ನಮ್ಮ ಕಿವಿಯ ಮಾತನ್ನು ನಮಗೆ ಬಿಟ್ಟುಕೊಡಿ

ಲೀಗ್‌ನ ಪ್ರಸಾರ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಕಿವಿಯನ್ನು ತಾವು ಊರಿಗೆಲ್ಲ ಬಾಡಿಗೆಗೆ ಕೊಟ್ಟಿದ್ದೀರಿ, ನನ್ನನ್ನು ಒಂದು ಮಾತೂ ಕೇಳದೆ. ಫುಟ್‌ಬಾಲ್ ಪಂದ್ಯದಲ್ಲಿ ರೆಫರಿ ಮತ್ತು ಅವನ ಸಹಾಯಕರು ಇಯರ್‌ಫೋನಿನಲ್ಲಿ ತಂತಮ್ಮೊಳಗೆ ಆಡುವ ಮಾತೆಲ್ಲ ಟಿವಿಯಲ್ಲೂ ಮೈದಾನದ ಸ್ಪೀಕರುಗಳಲ್ಲೂ ನೇರವಾಗಿ ಕೇಳಿಸಬೇಕು ಎಂದು ಈ ವರ್ಷ ಅಪ್ಪಣೆ ಹೊರಡಿಸಿದ್ದೀರಿ. ಅದಕ್ಕೆ ಪಾರದರ್ಶಕತೆ ಎಂದು ಹೆಸರಿಟ್ಟಿದ್ದೀರಿ. ಹೆಸರೇನೋ ಚೆನ್ನಾಗಿದೆ. ಅದರಿಂದ ಏನಾಯಿತು ಎಂದು ತಿಳಿಯುವ ಕುತೂಹಲ ಮಾತ್ರ ತಮಗೆ ಇದ್ದಂತಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ, ಎಲ್ಲರೆದುರಿಗೇ. ತಮಗೆ ಅದೇ ತಾನೇ ಇಷ್ಟ?

ನಾನು ಭಾನುವಾರಗಳಲ್ಲಿ ತಮ್ಮ ಲೀಗ್‌ನ ರೆಫರಿ. ವಾರದ ಉಳಿದ ದಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೇನೆ. "ಕನ್ನಡಕ ಹಾಕ್ಕೊಳ್ಳೋ ಕುರುಡಾ!" ಎಂದು ಗ್ಯಾಲರಿಯಿಂದ ಅರಚುವವರಲ್ಲಿ ಎಷ್ಟೋ ಜನರ ಮೂಗಿನ ಮೇಲಿರುವುದು ನಾನೇ ಕೂರಿಸಿದ ಗಾಜು. ಬೈಗುಳ ನನಗೆ ಹೊಸದಲ್ಲ. ಆದರೆ ಗೋಲು ಬಿದ್ದಾಗ ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ, ಸೋತವರು ಒಬ್ಬರ ಹೆಗಲ ಮೇಲೊಬ್ಬರು ಅಳುತ್ತಾರೆ. ರೆಫರಿಯನ್ನು ತಬ್ಬಿಕೊಂಡವರನ್ನು ತಾವು ಎಲ್ಲಾದರೂ ನೋಡಿದ್ದೀರಾ? ನನ್ನ ಹೆಂಡತಿ ಇದ್ದಾಗ, ಪಂದ್ಯ ಮುಗಿಸಿ ಬಾಗಿಲು ತಟ್ಟಿದರೆ ಸಾಕು, "ಇವತ್ತು ಯಾರ್ಯಾರು ಏನೇನು ಬೈದ್ರು, ಹೇಳಿ" ಎಂದು ಕೂರಿಸಿಕೊಂಡು ನಗುತ್ತಿದ್ದಳು. ಅವಳು ಹೋದ ಮೇಲೆ ನಾನೇ ಬೀಗ ತೆಗೆದು ಒಳಗೆ ಹೋಗುತ್ತೇನೆ.

ಅಂಥ ಹೊತ್ತಿನಲ್ಲಿ ಬಂದದ್ದು ಈ ಇಯರ್‌ಫೋನು. ಅದರ ಇನ್ನೊಂದು ತುದಿಯಲ್ಲಿ, ಮೈದಾನದ ಗೆರೆಯ ಬಳಿ ಬಾವುಟ ಹಿಡಿದು ನಿಲ್ಲುವ ನಮ್ಮ ಲೈನ್ಸ್‌ಮನ್. ಅವರದು ಡ್ರೈವಿಂಗ್ ಶಾಲೆ, ಆದ್ದರಿಂದ ಎಲ್ಲರಿಗೂ ಮೇಷ್ಟ್ರು. ಆಟ ಶುರುವಾಗುವ ಮೊದಲು ಸಂಪರ್ಕ ಸರಿಯಿದೆಯೇ ನೋಡಬೇಕಲ್ಲ, "ಮೇಷ್ಟ್ರೇ, ಇದ್ದೀರಾ?" ಎಂದು ನಾನು ಕೇಳುತ್ತಿದ್ದೆ. "ಇದ್ದೀನಿ ಅಣ್ಣ" ಎನ್ನುತ್ತಿದ್ದರು. ಬರಬರುತ್ತಾ ನಾನು ಕೇಳದೆಯೂ ಹೇಳತೊಡಗಿದರು. ಪೆನಾಲ್ಟಿ ಕೊಟ್ಟು ಇಡೀ ಗ್ಯಾಲರಿ ನನ್ನ ಮೇಲೆ ಮುರಿದುಕೊಂಡು ಬಿದ್ದಾಗ ಕಿವಿಯಲ್ಲಿ ಮೆಲ್ಲಗೆ, "ಬೈಲಿ ಬಿಡಿ ಅಣ್ಣ, ನೋಯೋದು ಅವರ ಗಂಟಲು ತಾನೇ? ನಾನಿದ್ದೀನಿ." ವಾರವಿಡೀ ನನ್ನನ್ನು ಅಣ್ಣ ಎನ್ನುತ್ತಿದ್ದ ದನಿ ಅದೊಂದೇ. ಭಾನುವಾರಕ್ಕಾಗಿ ನಾನು ಕಾಯುತ್ತಿದ್ದುದು ಆಟಕ್ಕಾಗಿ ಮಾತ್ರ ಅಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ತಮ್ಮ ಪಾರದರ್ಶಕತೆಯ ಮೊದಲ ಪಂದ್ಯದಲ್ಲೇ ಆ ಮಾತು ಸ್ಪೀಕರಿನಲ್ಲಿ ಮೊಳಗಿತು. ಕಾಮೆಂಟರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರ ಕಳೆಯುವುದರೊಳಗೆ "ಇದ್ದೀನಿ ಅಣ್ಣ" ಎಂಬುದು ಊರಿನವರ ಮೊಬೈಲ್ ರಿಂಗ್‌ಟೋನು. ಕ್ಲಚ್ ಬಿಡಲು ಬಾರದ ಹುಡುಗರೂ ಮೇಷ್ಟ್ರ ಪಕ್ಕದಲ್ಲಿ ಕೂತು ಅದನ್ನೇ ಹೇಳಿ ಕಿಸಕ್ಕೆಂದರು. ತಾವು ಏನು ಮಾಡಿದಿರಿ? ನಕ್ಕವರನ್ನು ಗದರಿಸಿದಿರಾ? ಇಲ್ಲ. "ಪಂದ್ಯಕ್ಕೆ ಸಂಬಂಧಿಸದ ಭಾವನಾತ್ಮಕ ಪದಬಳಕೆ ನಿಷಿದ್ಧ" ಎಂದು ನಮಗೇ ಸುತ್ತೋಲೆ ಕಳಿಸಿದಿರಿ.

ಅಂದಿನಿಂದ ಮೇಷ್ಟ್ರ ಬಾಯಿ ಕಟ್ಟಿತು. ಅದರ ಫಲ ಲೀಗಿನ ಕೊನೆಯ ಹಂತದ ಪಂದ್ಯದಲ್ಲಿ ಸಿಕ್ಕಿತು. ಗೋಲಿಗೆ ಮೊದಲು ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತೇ ಎಂಬ ತಕರಾರು ಎದ್ದಿತು. ವಿಡಿಯೋ ಪರಿಶೀಲನೆಯ ಮೇಲೆ ನನಗೆ ಮುನಿಸಿಲ್ಲ, ಅದು ಎಷ್ಟೋ ಸಲ ನನ್ನ ಮಾನ ಉಳಿಸಿದೆ. ಆದರೆ ಅವತ್ತು ಕ್ಯಾಮೆರಾಕ್ಕೂ ಗೆರೆಗೂ ನಡುವೆ ಫೋಟೋದವರ ಬೆನ್ನುಗಳಿದ್ದವು. "ಸ್ಪಷ್ಟ ಪುರಾವೆ ಇಲ್ಲ, ತೀರ್ಮಾನ ನಿಮ್ಮದೇ" ಎಂದಿತು ವಿಡಿಯೋ ಕೊಠಡಿ. ಹತ್ತಿರದಲ್ಲಿ ನಿಂತು ಕಂಡವರು ಮೇಷ್ಟ್ರು ಒಬ್ಬರೇ. ಕೇಳಿದೆ. "ಖಚಿತವಾಗಿ ಹೇಳಲಾರೆ" ಎಂದರು, ತಮ್ಮ ಸುತ್ತೋಲೆಯ ಭಾಷೆಯಲ್ಲಿ. ಗೋಲು ಕೊಟ್ಟೆ. ಸೋತ ತಂಡ ಲೀಗಿನಿಂದಲೇ ಹೊರಬಿತ್ತು.

ಡ್ರೆಸ್ಸಿಂಗ್ ರೂಮಿನಲ್ಲಿ ಮೇಷ್ಟ್ರು ಬೂಟನ್ನೂ ಬಿಚ್ಚದೆ ಕೂತಿದ್ದರು. "ಹೊರಗೆ ಹೋಗಿತ್ತು ಅಂತ ಮುಕ್ಕಾಲುಪಾಲು ಅನ್ನಿಸಿತ್ತು ಅಣ್ಣ. ಮೊದಲಾಗಿದ್ರೆ ಹಾಗೇ ಹೇಳಿಬಿಡ್ತಿದ್ದೆ, ನೀವು ತೂಗಿ ನೋಡ್ತಿದ್ರಿ. ಈಗ ಅನುಮಾನವನ್ನೂ ಊರೇ ಕೇಳಿಸ್ಕೊಳ್ಳುತ್ತಲ್ಲ! ಅದೂ ತಪ್ಪಾದ್ರೆ ನನ್ನ ಮಗಳು ಸ್ಕೂಲಲ್ಲಿ ಮುಖ ಎತ್ಕೊಂಡು ಓಡಾಡೋದು ಹೇಗೆ?" ಎಂದರು. ಬಾವುಟ ಮಡಚಿ ನನ್ನ ಬ್ಯಾಗಿನಲ್ಲಿಟ್ಟು ಹೊರಟುಹೋದರು. ಮತ್ತೆ ಬಂದಿಲ್ಲ.

ಮಾನ್ಯರೇ, ಖಚಿತವಾದದ್ದನ್ನು ಯಾರು ಬೇಕಾದರೂ ಮೈಕಿನಲ್ಲಿ ಕೂಗಬಲ್ಲರು. ಅನುಮಾನವನ್ನು ಹೇಳಿಕೊಳ್ಳಲು ನಂಬಿಕೆಯ ಒಂದು ಕಿವಿ ಬೇಕು. ನಮ್ಮದನ್ನು ಕಿತ್ತುಕೊಂಡು ತಾವು ಪಡೆದ ಸತ್ಯವೆಷ್ಟು? ಇಷ್ಟಕ್ಕೂ ಬಾಗಿಲು ಹಾಕಿಕೊಂಡು ನಡೆಸುವ ತಮ್ಮ ಸಮಿತಿಯ ಸಭೆಗೂ ಒಂದು ಸ್ಪೀಕರು ಹಚ್ಚಬಾರದೇಕೆ? ನಾವೂ ಸ್ವಲ್ಪ ನಗುತ್ತಿದ್ದೆವು.

ಹೋದ ಭಾನುವಾರ ನನ್ನ ಜೊತೆಗೆ ಹೊಸ ಲೈನ್ಸ್‌ಮನ್ ಇದ್ದರು. ಆಟ ಶುರು ಮಾಡುವ ಮೊದಲು ಹಳೆಯ ರೂಢಿಯಿಂದ ಬಾಯಿ ತಪ್ಪಿ, "ಮೇಷ್ಟ್ರೇ, ಇದ್ದೀರಾ?" ಎಂದುಬಿಟ್ಟೆ. ನನ್ನದೇ ದನಿ ಸ್ಪೀಕರಿನಿಂದ ನನಗೆ ಕೇಳಿಸಿತು. ಕಿವಿಯಲ್ಲಿ ಯಾರೂ ಉತ್ತರಿಸಲಿಲ್ಲ. ಹೊಸಬರು ಸುತ್ತೋಲೆ ಓದಿಕೊಂಡು ಬಂದವರು. ಉತ್ತರಿಸಿದ್ದು ಗ್ಯಾಲರಿ. ಸಾವಿರಾರು ಜನ ಒಂದೇ ಕೊರಳಲ್ಲಿ "ಇದ್ದೀನಿ ಅಣ್ಣ!" ಎಂದು ಕೂಗಿ, ಬಿದ್ದು ಬಿದ್ದು ನಕ್ಕರು. ಅಷ್ಟು ಜನರ ನಡುವೆ ಅಷ್ಟು ಒಬ್ಬಂಟಿಯಾಗಿ ನಾನು ಯಾವತ್ತೂ ನಿಂತಿರಲಿಲ್ಲ. ಕಣ್ಣು ತುಂಬಿ ಬಂತು. ವಿಶಲ್ ಊದಿದೆ.

ಕೊಟ್ಟ ತೀರ್ಮಾನವನ್ನೂ ಅದರ ಕಾರಣವನ್ನೂ ನಾನೇ ಮೈಕಿನಲ್ಲಿ ಹೇಳುತ್ತೇನೆ. ನಮ್ಮ ಮಾತನ್ನೆಲ್ಲ ರೆಕಾರ್ಡ್ ಮಾಡಿಟ್ಟುಕೊಳ್ಳಿ, ತಪ್ಪಿದ್ದರೆ ಕರೆಸಿ ಕೇಳಿ. ಆದರೆ ನೇರ ಪ್ರಸಾರವನ್ನು ಮುಂದಿನ ಪಂದ್ಯಕ್ಕೆ ಮೊದಲು ನಿಲ್ಲಿಸಬೇಕು, ಆ ಸುತ್ತೋಲೆಯನ್ನು ಹಿಂಪಡೆಯಬೇಕು, ಮೇಷ್ಟ್ರ ಮನೆಗೆ ಖುದ್ದಾಗಿ ಹೋಗಿ ಅವರನ್ನು ವಾಪಸು ಕರೆಯಬೇಕು. ಅವರ ಬಾವುಟ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.

ಇಂತಿ,
ಇನ್ನೂ ಮೈದಾನದ ನಡುವೆ ಇರುವ,
ಆದರೆ "ಇದ್ದೀರಾ?" ಎಂದು ಕೇಳಲು ಯಾರೂ ಇಲ್ಲದ,
ತಮ್ಮ ರೆಫರಿ