ಕುಂಕುಮ ಹಚ್ಚಿದ ಫ್ಲಾಪಿ

ಅಪ್ಪಾ,

ನೀವು ಫಸ್ಟ್ ಶಿಫ್ಟ್ ಮುಗಿಸಿ ಪಟಾನ್‌ಚೆರು ಫ್ಯಾಕ್ಟರಿಯಿಂದ ಬರೂದ್ರಾಗ ನಾ ಕಾಲೇಜಿನ್ಯಾಗ ಇರ್ತೀನಿ. ರೊಟ್ಟಿ ಬುಟ್ಟ್ಯಾಗ ಅದಾವ. ಪಲ್ಯ ಬೆಚ್ಚಗ ಮಾಡ್ಕೋರಿ, ತಣ್ಣಂದ ತಿನ್ನಬ್ಯಾಡ್ರಿ.

ನಿನ್ನೆ ನಾ ಯಾಕ ಮಾರಿ ಉಬ್ಬಿಸಿಕೊಂಡು ಕುಂತಿದ್ದೆ ಅಂತ ಅವ್ವನ್ನ ಕೇಳಿದ್ರಂತ. ಆಯುಧ ಪೂಜಿ ದಿನ ನಿಮ್ಮ ಪಾನಾ, ಸ್ಕ್ರೂಡ್ರೈವರ್ ಜೋಡಿ ನನ್ನ ಕಂಪ್ಯೂಟರ್ ಕ್ಲಾಸಿನ ಫ್ಲಾಪಿನೂ ಜಗಲಿ ಮ್ಯಾಲೆ ಇಟ್ರಿ, ಅದು ನನಗ ಖುಷಿನ ಆತು. ಆದ್ರ ಅದರ ತಗಡು ಸರಿಸಿ ಒಳಗಿನ ಕರೇ ಫಿಲ್ಮಿಗೇ ಕುಂಕುಮ ಹಚ್ಚೀರಿ. ಅದು ನಿಮ್ಮ ಫ್ಯಾಕ್ಟರಿ ಮಷಿನ್ ಅಲ್ಲ. ಇವತ್ತಿನ ಪರೀಕ್ಷೆಗೆ ಕೊಡಬೇಕಾದ ಕೆಲಸ ಎಲ್ಲಾ ಅದರಾಗ ಇತ್ತು. ನಿನ್ನೆ ಲ್ಯಾಬಿನ್ಯಾಗ ಹಾಕಿದ್ರ ಕಂಪ್ಯೂಟರ್ ಅದನ್ನ ಓದಲೇ ಇಲ್ಲ. ಮೇಡಂ ಹೊರಗ ತಗದು, "ಯೇ ಲಾಲ್ ಲಾಲ್ ಕ್ಯಾ ಹೈ?" ಅಂದ್ರು. ನಾ "ಪೂಜಾ" ಅಂದೆ. ಇಡೀ ಲ್ಯಾಬ್ ನಕ್ಕತು.

ಹೊಸ ಫ್ಲಾಪಿ ಹಾಕಿ ಮತ್ತ ಮೊದಲಿಂದ ಟೈಪ್ ಮಾಡಿದೆ. ಈ ಸಲ ಬಟನ್ ನೋಡದನ ಬೆರಳು ಓಡಿದ್ವು. ಮೇಡಂ ಹಿಂದ ನಿಂತು ನೋಡಿ, "ಶಾಬಾಶ್" ಅಂದ್ರು. ಮನಿಗೆ ಬಂದ ಕೂಡಲೇ ನಿಮಗ ಹೇಳಬೇಕಂತ ಇದ್ದೆ, ಸಿಟ್ಟು ಬಿಡಲಿಲ್ಲ.

ಹಳೇ ಫ್ಲಾಪಿ ಜಗಲಿ ಮ್ಯಾಲೆ ಇಟ್ಟೀನಿ, ತೆಗೀಬ್ಯಾಡ್ರಿ. ಇನ್ನ ಅದು ದೇವರ ಪಾಲು, ವರ್ಷಾ ವರ್ಷಾ ನೀವು ಎಷ್ಟರ ಕುಂಕುಮ ಹಚ್ರಿ.

ಹೊಸದು ನನ್ನ ಚೀಲದಾಗ ಐತಿ. ಇವತ್ತ ಪರೀಕ್ಷೆ ಐತಲ್ಲ, ಕುಂಕುಮ ಇಲ್ಲದ ಹೋಗಾಕ ಮನಸ್ಸು ಬರಲಿಲ್ಲ. ಅದಕ್ಕ ಒಂದು ಬೊಟ್ಟು ನಾನ ಹಚ್ಚೀನಿ, ಮ್ಯಾಲಿನ ಡಬ್ಬಿಗೆ.

ಶಿವಗಂಗಾ