ನಡುಗುವ ಕೈಗಳ ವಿಚಾರಣೆ

ಗದಗ, ಕ್ರಿ.ಶ. ೨೩೧೪, ಹದಿಮೂರನೆಯ ತಿಂಗಳ ಐದನೇ ದಿನ

ಎಂದೋ ಇದ್ದ ಅಧ್ಯಾಪಕರಿಗೆ,

ತಿಂಗಳು ಹದಿಮೂರು ಹೇಗಾಯಿತೆಂದು ಕೇಳಬೇಡಿ, ಅದು ಬೇರೆಯೇ ರಾಮಾಯಣ. ನನ್ನ ಒಂದೆರಡು ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ. ಚೆಂದ ಮಾಡಿ ಬರೆಯುವ ವ್ಯವಧಾನವಿಲ್ಲ. ವಿಚಾರಣೆಯ ಕೋಣೆಯ ಹೊರಗೆ ಕೂತು ಬರೆಯುತ್ತಿದ್ದೇನೆ.

ನಾನು ನೀಲಗಂಗಾ, ಇಲ್ಲಿನ ಕಾಲೇಜೊಂದರಲ್ಲಿ ಮಣ್ಣಿನ ಶಾಸ್ತ್ರ ಕಲಿಸುವವಳು. ನಮ್ಮಲ್ಲಿ ಯಾರೋ ನಕಲು ಮಾಡಿದ್ದಾರೆಂಬ ಗುಮಾನಿ ಬಂದರೆ ಉತ್ತರಪತ್ರಿಕೆ ತೆರೆದು ನೋಡುವ ಗೋಜಿಗೇ ಹೋಗುವುದಿಲ್ಲ. ನಿಜಹಲಗೆ ಎಂಬ ತಾಮ್ರದ ತಗಡಿನ ಮೇಲೆ ಅಂಗೈ ಇಡಿಸುತ್ತಾರೆ. ಕೈ ಬೆವರಿದರೆ, ನಾಡಿ ಓಡಿದರೆ, ತಪ್ಪಿತಸ್ಥರು. ಪರವಾಗಿ ಸಾಕ್ಷಿ ಹೇಳುವವರೂ ಅದರ ಮೇಲೆ ಕೈಯಿಟ್ಟೇ ಹೇಳಬೇಕು. ಅವರ ಕೈ ಬೆವರಿದರೆ ಸಾಕ್ಷಿಯೇ ಸುಳ್ಳು. ಹೀಗಾಗಿ ತಾಯಂದಿರು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬೆಚ್ಚದಿರುವುದನ್ನು ಕಲಿಸುತ್ತಾರೆ, ಬೆನ್ನ ಹಿಂದೆ ಪಾತ್ರೆ ಬೀಳಿಸಿ ಪರೀಕ್ಷೆ ಮಾಡುತ್ತಾರೆ. ತಣ್ಣಗಿರುವುದನ್ನು ಕಲಿಸಲೆಂದೇ ಪೇಟೆಯಲ್ಲಿ ಟ್ಯೂಷನ್ನುಗಳಿವೆ, ನಿಶ್ಚಲಶಾಲೆ ಅಂತ. ಪಕ್ಕಾ ಕಳ್ಳರೆಲ್ಲ ಅಲ್ಲಿ ಪಳಗಿ, ಹಲಗೆಯ ಮೇಲೆ ಕೈಯಿಟ್ಟು ಆಕಳಿಸುತ್ತ ಪಾಸಾಗಿ ಹೋಗುತ್ತಾರೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇವತ್ತು ನನ್ನ ವಿದ್ಯಾರ್ಥಿನಿ ಗುರುಬಾಯಿಯ ಸರದಿ. ಎರೆಮಣ್ಣು ಯಾಕೆ ಬಿರಿಯುತ್ತದೆಂದು ಅವಳು ಬರೆದ ಉತ್ತರ ಯಾರದೋ ಹಳೆಯ ಉತ್ತರವನ್ನು ಹೋಲುತ್ತದಂತೆ. ಎಲ್ಲರ ಹೊಲದ ಮಣ್ಣೂ ಒಂದೇ ಥರ ಬಿರಿದರೆ ಆ ಹುಡುಗಿ ಏನು ಮಾಡಿಯಾಳು? ತಪ್ಪಿತಸ್ಥಳೆಂದಾದರೆ ಇನ್ನು ಯಾವ ಕಾಲೇಜೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಅವಳನ್ನು ಪಕ್ಕಕ್ಕೆ ಕರೆದು, ಉತ್ತರ ಬಾಯಲ್ಲಿ ಹೇಳು ಎಂದೆ. ಮಣ್ಣಿನ ಹೆಂಟೆಯೊಂದನ್ನು ಕೈಗೆತ್ತಿಕೊಂಡು ನೀರು ಹೇಗೆ ಇಳಿಯುತ್ತದೆ, ಬಿರುಕು ಹೇಗೆ ಬೀಳುತ್ತದೆ ಎಂದು ಪಟಪಟ ವಿವರಿಸಿದಳು. ನಡುವೆ ನನ್ನೊಂದಿಗೇ ವಾದಕ್ಕೆ ನಿಂತಳು. ಕದ್ದವರಿಗೆ ಆ ಹುರುಪು ಬರುವುದಿಲ್ಲ. ಆಮೇಲೆ ಹಲಗೆಯ ಮಾತೆತ್ತಿದೆ. ಹುಡುಗಿ ಹೆಂಟೆಯನ್ನು ಕೆಳಗಿಟ್ಟಳು.

"ನಾನಾ ಬರದೀನ್ರಿ ಮೇಡಂ. ಆದ್ರ ಅಂಜಿಕಿ ಆಗಾಕತ್ತೈತ್ರಿ. ಅಂಜಬಾರದು ಅಂದಷ್ಟೂ ಜಾಸ್ತಿ ಆಗ್ತೈತ್ರಿ."

ಇದೆಲ್ಲ ಶುರುವಾದದ್ದು ಮುನ್ನೂರು ವರ್ಷಗಳ ಹಿಂದೆ, ನಿಮ್ಮ ಕಾಲದಲ್ಲೇ ಎನ್ನುತ್ತಾರೆ. ಯಂತ್ರ ಶೇಕಡಾ ಇಷ್ಟು ನಕಲು ಎಂದು ಹೇಳಿದರೆ, ಮಗುವಿನ ಮುಖವನ್ನೂ ನೋಡದೆ ಒಪ್ಪಿಕೊಂಡುಬಿಟ್ಟಿರಂತೆ. ನಿಮ್ಮ ದಮ್ಮಯ್ಯ, ಗುಮಾನಿ ಬಂದರೆ ಎದುರಿಗೆ ಕೂರಿಸಿಕೊಳ್ಳಿ. ಕುಡಿಯಲು ನೀರು ಕೊಡಿ. ಇದನ್ನು ಹೇಗೆ ಬರೆದೆ ಎಂದು ಕೇಳಿ, ಹೇಳಿ ಮುಗಿಸುವ ತನಕ ಸುಮ್ಮನಿರಿ. ಕದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.

ಒಳಗಿನಿಂದ ಕರೆ ಬಂತು. ಅವಳ ಪರವಾಗಿ ಹೆಸರು ಕೊಟ್ಟವಳು ನಾನೊಬ್ಬಳೇ. ಹಲಗೆಯ ಮೇಲೆ ಕೈಯಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆದರೆ ಸೆರಗಿಗೆ ಎಷ್ಟು ಒರೆಸಿದರೂ ನನ್ನ ಅಂಗೈ ಒಣಗುತ್ತಿಲ್ಲ.