ಅಮ್ಮನ ಬಟಾಣಿ ಗಾತ್ರದ ಗ್ರಂಥಿ

ಮುನಿರ್ಕಾ, ದೆಹಲಿ
16 ನವೆಂಬರ್ 2025, ಭಾನುವಾರ

ಪ್ರೀತಿಯ ಅಜ್ಜಿಗೆ, ನಿಮ್ಮ ಮೊಮ್ಮಗಳು ಶ್ರಾವ್ಯಾಳ ನಮಸ್ಕಾರ.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಫೋನ್ ಕೈಯಲ್ಲೇ ಇರುವಾಗ ಪತ್ರ ಬರೆದು ನಿಮ್ಮ ಕಣ್ಣಿಗೆ ತೊಂದರೆ ಕೊಡುತ್ತಿದ್ದೇನೆ, ಸಾರಿ. ಆದರೆ ಫೋನಿನಲ್ಲಿ ನಾನು ಅಮ್ಮನ ಹೆಸರೆತ್ತಿದ ಕೂಡಲೇ ನೀವು "ತಡಿ, ರಾಘವನಿಗೆ ಕೊಡ್ತೇನೆ" ಎಂದು ಚಿಕ್ಕಪ್ಪನ ಕೈಗೆ ದಾಟಿಸಿಬಿಡುತ್ತೀರಿ. ಪತ್ರವನ್ನು ಹಾಗೆ ದಾಟಿಸುವುದು ಕಷ್ಟ. ಎಂಟನೇ ವಯಸ್ಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳ ಕನ್ನಡ ಇದು, ಅರ್ಧ ಇಂಗ್ಲಿಷ್. ರಜೆಯಲ್ಲಿ ನೀವು ಸ್ಲೇಟು ಹಿಡಿಸಿ ಕಲಿಸಿದಷ್ಟೇ ನನಗೆ ಬರುವುದು. ಅಕ್ಷರ ದಪ್ಪವಾಗಿ ಬರೆದಿದ್ದೇನೆ. ಎರಡು ಸಲ ಬರೆದು ಹರಿದು ಹಾಕಿ ಇದು ಮೂರನೆಯದು.

ನಿಮ್ಮ ಮಂಡಿ ಹೇಗಿದೆ? ಕಣ್ಣಿನ ಆಪರೇಷನ್ ಆದ ಮೇಲೆ ಹನಿ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲಾ "ಉರಿ ಬರ್ತದೆ ಮಾರಾಯ" ಎಂದು ಚಿಕ್ಕಪ್ಪನನ್ನು ಓಡಿಸುತ್ತಿದ್ದೀರಾ? ಮಂಗಳೂರಿನ ಸೆಕೆ ಈಗ ಕಡಿಮೆಯಾಗಿರಬೇಕು. ಇಲ್ಲಿ ಹೊಗೆಯ ಕಾಲ. ಎದುರಿನ ಮನೆಯ ನೀರಿನ ಟ್ಯಾಂಕು ಕಾಣಿಸಿದರೆ ಆ ದಿನ ಒಳ್ಳೆಯ ದಿನ. ನನ್ನ ಕಾಲೇಜು ನಡೆಯುತ್ತಿದೆ. ಮೊದಲ ಸೆಮಿಸ್ಟರಿನ ಪರೀಕ್ಷೆಯ ಹೆದರಿಕೆ ಈಗಲೇ ಶುರುವಾಗಿದೆ, ಆದರೆ ಅದು ಹೊಸದೇನಲ್ಲ. ಎಲ್ಲದಕ್ಕೂ ಮೊದಲು ಹೆದರುವವಳು ನಾನು ಎಂದು ನಿಮಗೆ ಗೊತ್ತೇ ಇದೆ. ಹೆದರದೆ ಓದಿ, ಇದು ಸಂತೋಷದ ಪತ್ರ.

ಸೆಪ್ಟೆಂಬರ್ ಮೊದಲ ವಾರ ಅಮ್ಮ ನನ್ನ ರೂಮು ನೋಡಲು ರೋಹಿಣಿ ಸೆಕ್ಟರಿನ ನಮ್ಮ ಮನೆಯಿಂದ ಮೆಟ್ರೋದಲ್ಲಿ ಬಂದಳು. ಚಟ್ನಿಪುಡಿ, ನಮ್ಮ ಹೋಟೆಲಿನ ಬನ್ಸ್, ಒಂದು ಸ್ವೆಟರ್ ತಂದಿದ್ದಳು. ಸ್ವೆಟರ್ ನನಗಲ್ಲ, ಅವಳಿಗೆ. ಸೆಪ್ಟೆಂಬರಿನಲ್ಲೂ ಅವಳಿಗೆ ಚಳಿ. ನನ್ನ ರೂಮು ಮೂರನೇ ಮಹಡಿ. ಎರಡನೇ ಮಹಡಿಯ ಮೆಟ್ಟಿಲಲ್ಲಿ ಕೂತಳು, ಆಮೇಲೆ ಕೂತಲ್ಲೇ ವಾಲಿದಳು. ಕೆಳಗಿನ ಮನೆಯವರೂ ನಾನೂ ಸೇರಿ ಆಟೋದಲ್ಲಿ ಹಾಕಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಉಪ್ಪಿನಂಶ ಕಡಿಮೆ, ಬಿಪಿ ಕಡಿಮೆ ಎಂದು ಡ್ರಿಪ್ ಹಾಕಿದರು. ನಾನು ಬಾಗಿಲ ಹತ್ತಿರ ನಿಂತು ಅಪ್ಪನಿಗೆ ಹದಿನಾಲ್ಕು ಸಲ ಫೋನ್ ಮಾಡಿದೆ.

ಮರುದಿನ ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರಮ್ಮ ಬಂದರು, ಹಾರ್ಮೋನಿನ ಡಾಕ್ಟರು. ಅವರು ಅಮ್ಮನ ಮಂಚದ ಮೇಲೇ ಕೂತು, ಹಿಂದಿಯಲ್ಲಿ, ಅಡುಗೆಮನೆಯ ಮಾತು ಕೇಳುವ ಹಾಗೆ ಕೇಳಿದರು: "ಈ ಮಗಳು ಹುಟ್ಟಿದ ಮೇಲೆ ನಿಮಗೆ ಎದೆಹಾಲು ಬಂತಾ?" ಅಮ್ಮ ನಕ್ಕು "ಒಂದು ತೊಟ್ಟೂ ಇಲ್ಲ, ಇವಳು ಡಬ್ಬಿ ಹಾಲಿನ ಮಗು" ಎಂದಳು. "ಆಮೇಲೆ ಮುಟ್ಟು?" ಅಮ್ಮ ನನ್ನ ಕಡೆ ನೋಡಿ, ತಲೆ ತಗ್ಗಿಸಿ, ಇಲ್ಲ ಎಂದು ಕೈ ಆಡಿಸಿದಳು. ಅವಳಿಗೆ ಆಗ ಇಪ್ಪತ್ತನಾಲ್ಕು ವರ್ಷ, ಅಜ್ಜಿ. ಹದಿನೆಂಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. "ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿತ್ತಾ?" ಎಂದಾಗ ಅಮ್ಮನಿಗೆ ಏನೂ ನೆನಪಿರಲಿಲ್ಲ, ಉತ್ತರ ಹೇಳಿದ್ದು ಅಪ್ಪ. ನರ್ಸಿಂಗ್ ಹೋಮಿನವರು ರಕ್ತ ಬೇಕು ಎಂದಾಗ ನೀವು ನಮ್ಮ ಹೋಟೆಲಿನ ಮಧ್ಯಾಹ್ನದ ಊಟ ನಿಲ್ಲಿಸಿ, ದೋಸೆ ಭಟ್ಟ ಗುಂಡಣ್ಣನಿಂದ ಹಿಡಿದು ಟೇಬಲ್ ಒರೆಸುವವರ ತನಕ ಆರು ಜನರನ್ನು ಟೆಂಪೋದಲ್ಲಿ ತುಂಬಿಸಿಕೊಂಡು ಬಂದಿರಂತೆ. "ಯಾರದ್ದು ಸರಿಹೊಂದ್ತದೆ ನೋಡಿ ತೆಗೀರಿ" ಅಂದಿರಂತೆ. ನನಗೆ ಯಾರೂ ಇದನ್ನು ಹೇಳಿರಲೇ ಇಲ್ಲ.

ಡಾಕ್ಟರಮ್ಮ ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೆದುಳಿನ ಕೆಳಗೆ ಪಿಟ್ಯುಟರಿ ಎಂಬ ಗ್ರಂಥಿ ಇದೆ, ಬಟಾಣಿ ಕಾಳಿನಷ್ಟು. ನಮ್ಮ ಹೋಟೆಲಿನಲ್ಲಿ ಒಳಗೆ ಆರ್ಡರ್ ಕೂಗುವವನು ಇರುತ್ತಾನಲ್ಲ, ಅದರ ಕೆಲಸ ಅದೇ. ಅವನು ಬಾಯಿ ಮುಚ್ಚಿದರೆ ಒಲೆ ಉರಿಯುತ್ತಲೇ ಇದ್ದರೂ ದೋಸೆ ಹೊರಗೆ ಬರುವುದಿಲ್ಲ. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋದರೆ ಕೆಲವರಿಗೆ ಆ ಗ್ರಂಥಿಗೆ ರಕ್ತ ಸಾಲದೆ ಒಣಗುತ್ತದಂತೆ. ಆಮೇಲೆ ಹಾಲಿಲ್ಲ, ಮುಟ್ಟಿಲ್ಲ, ಬಲವಿಲ್ಲ, ಯಾವಾಗಲೂ ಚಳಿ, ಯಾವಾಗಲೂ ನಿದ್ದೆ. ಹಿಂದೆ ಅಪ್ಪ ಎರಡು ಮೂರು ಸಲ ಥೈರಾಯ್ಡ್ ಟೆಸ್ಟ್ ಮಾಡಿಸಿದ್ದರು, ನೆನಪಿದೆಯಾ? ಪ್ರತಿ ಸಲ ಟಿಎಸ್ಎಚ್ ಒಂದನ್ನೇ ನೋಡಿ ನಾರ್ಮಲ್ ಎಂದಿದ್ದರು. ಆದರೆ ಟಿಎಸ್ಎಚ್ ಎಂಬುದು ಆ ಬಟಾಣಿ ಕೂಗುವ ಆರ್ಡರು. ಆರ್ಡರನ್ನಷ್ಟೇ ನೋಡಿದರು, ಒಳಗೆ ಥೈರಾಯ್ಡ್ ಎಷ್ಟು ಬೇಯಿಸಿತು ಎಂದು ಯಾರೂ ನೋಡಲಿಲ್ಲ. ಈಗ ನೋಡಿದರೆ ಅದು ಕಡಿಮೆ. ಬೆಳಗಿನ ಎಂಟು ಗಂಟೆಗೆ ಅಳೆಯುವ ಕಾರ್ಟಿಸಾಲ್ ಇನ್ನೊಂದು, ಮೈಗೆ ಬಲ ಕೊಡುವ ಹಾರ್ಮೋನ್. ಅದು ತೀರಾ ಕಡಿಮೆಯೂ ಅಲ್ಲ, ಸಾಕಷ್ಟೂ ಅಲ್ಲ. ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿಯೇ ತೀರಬೇಕು ಎಂದರು.

ಆ ಪರೀಕ್ಷೆಯ ಕಥೆ ಕೇಳಿ. ಖಾಲಿ ಹೊಟ್ಟೆಯಲ್ಲಿ ಬರಬೇಕು. ಇನ್ಸುಲಿನ್ ಕೊಟ್ಟು ಬೇಕೆಂತಲೇ ಸಕ್ಕರೆ ಇಳಿಸುತ್ತಾರೆ. ಸಕ್ಕರೆ ಇಳಿದಾಗ ದೇಹ ಗಾಬರಿಯಾಗಿ ಹಾರ್ಮೋನುಗಳನ್ನು ಹೊರಗೆ ಬಿಡಬೇಕು. ಬಿಡುತ್ತದೋ ಇಲ್ಲವೋ ಎಂದು ಅರ್ಧರ್ಧ ಗಂಟೆಗೆ ರಕ್ತ ತೆಗೆದು ನೋಡುತ್ತಾರೆ. ಡಾಕ್ಟರಮ್ಮ, ನರ್ಸ್ ಇಬ್ಬರೂ ಪಕ್ಕದಲ್ಲೇ ಇರುತ್ತಾರೆ, ಗ್ಲೂಕೋಸ್ ರೆಡಿ ಇರುತ್ತದೆ. ಮುಗಿದ ಕೂಡಲೇ ತಿನ್ನಲು ಏನಾದರೂ ತನ್ನಿ ಎಂದಿದ್ದರು. ಅಪ್ಪನಿಗೆ ಅಷ್ಟು ಹೇಳಿದರೆ ಸಾಕಲ್ಲ, ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರ್ ತಂದಿದ್ದರು. ಅರ್ಧ ಗಂಟೆಯಾಗುವಷ್ಟರಲ್ಲಿ ಅಮ್ಮ ಬೆವರತೊಡಗಿದಳು, ಬೆರಳು ನಡುಗಿತು, "ಹಸಿವೆ ಆಗ್ತಾ ಉಂಟು" ಎಂದು ಮೆಲ್ಲಗೆ ಹೇಳಿದಳು. ಡಾಕ್ಟರಮ್ಮ ಮಾನಿಟರ್ ಕಡೆ ತಿರುಗಿದ್ದರು, ನರ್ಸ್ ಟ್ಯೂಬಿಗೆ ಲೇಬಲ್ ಅಂಟಿಸುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ತೆರೆದಾಗ ಅಪ್ಪನ ಬೆರಳು ತುಪ್ಪ ತುಪ್ಪ, ಅಮ್ಮನ ಬಾಯಿ ತುಂಬ ಕಾಶಿ ಹಲ್ವ.

ಡಾಕ್ಟರಮ್ಮ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, "ಭಾಯಿ ಸಾಹೇಬ್, ಅರ್ಧ ಗಂಟೆಯಿಂದ ನಾವು ಇಳಿಸಲು ನೋಡ್ತಿರೋದನ್ನ ನೀವು ಒಂದೇ ತುತ್ತಿಗೆ ಹತ್ತಿಸಿಬಿಟ್ರಿ" ಎಂದರು. ಅಪ್ಪ ತಲೆ ಕೆರೆದುಕೊಂಡು, "ಮೇಡಂ, ನಲವತ್ತು ವರ್ಷದ ಹೋಟೆಲ್. ಎದುರಿಗೆ ಕೂತವರು ಹಸಿವೆ ಅಂದ್ರೆ ಕೈ ತಾನಾಗಿ ಹೋಗ್ತದೆ" ಎಂದರು. ಕೂತವರ ಮುಂದೆ ಎಲೆ ಖಾಲಿ ಇರಬಾರದು ಎಂಬುದು ನಿಮ್ಮದೇ ಪಾಠ ಅಜ್ಜಿ, ಹಾಗಾಗಿ ಇದರಲ್ಲಿ ನಿಮಗೂ ಪಾಲಿದೆ. ನರ್ಸ್ ಮುಖ ತಿರುಗಿಸಿ ನಗುತ್ತಿದ್ದರು. ಅಮ್ಮ ಮಾತ್ರ ಶಾಂತವಾಗಿ ಹಲ್ವ ಪೂರ್ತಿ ನುಂಗಿ, "ಗೋಡಂಬಿ ಕಡಿಮೆ ಆಗಿದೆ" ಎಂದಳು. ಟೆಸ್ಟ್ ರದ್ದು. ಮುಂದಿನ ವಾರ ಮತ್ತೆ ಮಾಡುವಾಗ ಅಪ್ಪನನ್ನು ಒಳಗೆ ಬಿಡಲಿಲ್ಲ. ಟಿಫಿನ್ ಕ್ಯಾರಿಯರ್ ಸಮೇತ ಗೇಟಿನ ಹೊರಗೆ ನಿಂತು ಅಲ್ಲಿಯ ಗಾರ್ಡುಗಳಿಗೆಲ್ಲ ಬನ್ಸ್ ತಿನ್ನಿಸಿದರಂತೆ. ಅಮ್ಮನ ಕೈ ಹಿಡಿದು ಕೂತವಳು ನಾನು. ನಾನೇ ಹೆಚ್ಚು ಬೆವರಿದೆ.

ರಿಪೋರ್ಟ್ ಬಂತು. ಕಾರ್ಟಿಸಾಲ್ ಏರಬೇಕಾದಷ್ಟು ಏರಲೇ ಇಲ್ಲ, ಹಾಲಿನ ಹಾರ್ಮೋನ್ ಇಲ್ಲವೆಂಬಷ್ಟು ಕಡಿಮೆ, ಉಳಿದವೂ ಹಾಗೇ. ಸ್ಕ್ಯಾನಿನಲ್ಲಿ ಗ್ರಂಥಿ ಇರಬೇಕಾದ ಗುಂಡಿ ಹೆಚ್ಚುಕಡಿಮೆ ಖಾಲಿ. ಅದನ್ನು ಕೇಳಿ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅತ್ತುಬಿಟ್ಟೆ ಅಜ್ಜಿ, ಚಹಾ ಭಯ್ಯಾ ಬಂದು ಟಿಶ್ಯೂ ಕೊಡುವಷ್ಟು. ನಾನು ಹುಟ್ಟಿದ್ದರಿಂದಲೇ ಅಲ್ಲವೇ ಇದೆಲ್ಲ? ಅಮ್ಮ ನನ್ನ ತಲೆಗೆ ಒಂದು ಮೊಟಕಿ, "ಬಟಾಣಿ ಕಾಳು ಕೊಟ್ಟು ಮಗಳನ್ನು ತಗೊಂಡೆ, ಎಂತ ನಷ್ಟ ಆಯ್ತೀಗ? ಚಹಾ ಕುಡಿ" ಎಂದಳು.

ಈಗ ಸಂತೋಷದ ಭಾಗ. ಅಕ್ಟೋಬರ್ ಎರಡನೇ ವಾರ ಮಾತ್ರೆ ಶುರುವಾಯಿತು, ಮೊದಲು ಕಾರ್ಟಿಸಾಲ್‌ನದ್ದು, ಕೆಲವು ದಿನ ಬಿಟ್ಟು ಥೈರಾಯ್ಡ್‌ನದ್ದು. ಜೀವನಪೂರ್ತಿ ತೆಗೆದುಕೊಳ್ಳಬೇಕು, ಜ್ವರ ಬಂದರೆ ಹೆಚ್ಚು ತೆಗೆದುಕೊಳ್ಳಬೇಕು, ಅಷ್ಟೇ. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಅಪ್ಪ ಫೋನ್ ಮಾಡಿ ಪಿಸುದನಿಯಲ್ಲಿ, "ನಿನ್ನಮ್ಮ ಎದ್ದಿದ್ದಾಳೆ. ನಾನು ಎಬ್ಬಿಸಿದ್ದಲ್ಲ. ತಾನಾಗಿ" ಎಂದರು. ದೀಪಾವಳಿಗೆ ಮನೆಗೆ ಹೋದೆ. ಅಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, ಸಾಂಬಾರಿಗೆ ಹುಳಿ ಸಾಲದು ಎಂದು ಗುಂಡಣ್ಣನ ಜೊತೆ ವಾದ ಮಾಡುತ್ತಿದ್ದಳು. ಗುಂಡಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಮಗಾ, ಆ ಮಾತ್ರೆ ಅರ್ಧ ಮಾಡಕ್ಕಾಗಲ್ವಾ? ದೊಡ್ಡಮ್ಮನೇ ವಾಪಸ್ ಬಂದ ಹಾಗಾಗಿದೆ" ಎಂದ. ದೊಡ್ಡಮ್ಮ ಎಂದರೆ ನೀವು. ಸೆಕ್ಟರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಬಾಡಿದೆ ಎಂದು ಸಬ್ಜಿ ಭಯ್ಯಾನ ಜೊತೆ ಪೂರ್ತಿ ಹತ್ತು ನಿಮಿಷ ಜಗಳವಾಡಿದಳು, ನಿಂತುಕೊಂಡೇ. ಮೆಟ್ರೋ ಮೆಟ್ಟಿಲನ್ನು ಅಪ್ಪನಿಗಿಂತ ಮೊದಲು ಹತ್ತಿ, ಮೇಲೆ ನಿಂತು "ಚಲೋ ಚಲೋ" ಎಂದು ಕೂಗಿದಳು. ನನಗೆ ಇಂಥ ಅಮ್ಮ ಇದ್ದಾಳೆಂದು ನನಗೇ ಗೊತ್ತಿರಲಿಲ್ಲ. ನೀವು ಮದುವೆ ಮಾಡಿ ತಂದುಕೊಂಡ ಸೊಸೆ ಇವಳೇ ಇರಬೇಕು, ನಿಮಗೆ ನೆನಪಿರಬಹುದು.

ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಒಂಬತ್ತನೇ ಕ್ಲಾಸಿನಲ್ಲಿ ಪೇರೆಂಟ್ಸ್ ಡೇಗೆ ಅವಳು ಬರಲಿಲ್ಲ. ಎಲ್ಲರ ಎದುರು ಫೋನಿನಲ್ಲಿ "ನೀನು ಮಲಗೇ ಇರು, ಅದೊಂದೇ ನಿನಗೆ ಬರೋದು" ಎಂದುಬಿಟ್ಟೆ. ಅವಳು "ಆಯ್ತು ಮಗಾ" ಎಂದು ಫೋನಿಟ್ಟಳು. ಹಾಗಾಗಿ ಈ ಪತ್ರ ದೂರು ಎಂದು ತಿಳಿಯಬೇಡಿ. ಅವಳನ್ನು ತಪ್ಪು ತಿಳಿದವರಲ್ಲಿ ನಾನೂ ಒಬ್ಬಳು.

ಚಿಕ್ಕಪ್ಪ, ಚಿಕ್ಕಮ್ಮನಿಗೆ ನನ್ನ ನೆನಪು ಹೇಳಿ. ನನ್ನ ಪರೀಕ್ಷೆಗೆ ನಿಮ್ಮ ಆಶೀರ್ವಾದ ಈಗಲೇ ಕಳಿಸಿಬಿಡಿ, ಓದಿದ್ದು ಸಾಲದೆ ಹೋದರೆ ಅದನ್ನೇ ನೆಚ್ಚಿಕೊಳ್ಳುತ್ತೇನೆ. ನಿಮ್ಮ ಕಾಲಿಗೆ ಬಿದ್ದಿದ್ದೇನೆ ಎಂದುಕೊಳ್ಳಿ.

ನಿಮ್ಮ ಮೊಮ್ಮಗಳು,
ಶ್ರಾವ್ಯಾ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ಎರಡು ವರ್ಷದ ಹಿಂದೆ ನೀವು ಮಂಗಳೂರಿಗೆ ಹೊರಟ ದಿನ ಬಾಗಿಲಲ್ಲಿ ನಿಂತು "ಮೈಗಳ್ಳಿಯ ಮನೆಯಲ್ಲಿ ನಾನಿರೋದಿಲ್ಲ" ಎಂದಿರಿ. ಅಮ್ಮ ಅದನ್ನು ಇವತ್ತಿಗೂ ನಂಬಿದ್ದಾಳೆ. ರಿಪೋರ್ಟ್ ತೋರಿಸಿದರೂ "ಅತ್ತೆ ಹೇಳಿದ್ದರಲ್ಲಿ ತಪ್ಪೆಂತ ಉಂಟು, ಮಲಗಿದ್ದು ಹೌದಲ್ಲ" ಎನ್ನುತ್ತಾಳೆ. ಡಾಕ್ಟರು ಹೇಳಿದರೂ ಕೇಳುವುದಿಲ್ಲ, ನಾನು ಹೇಳಿದರೂ ಕೇಳುವುದಿಲ್ಲ. ನೀವು ಹೇಳಿದರೆ ಕೇಳುತ್ತಾಳೆ. ಅದು ಮೈಗಳ್ಳತನ ಅಲ್ಲ, ಕಾಯಿಲೆ ಎಂದು ಪುಷ್ಪಾವತಿ ಎಂಬ ಅವಳ ಹೆಸರಿಗೇ, ರೋಹಿಣಿಯ ವಿಳಾಸಕ್ಕೆ, ಒಂದು ಸಾಲು ಬರೆಯಿರಿ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ. ದಯವಿಟ್ಟು ಬೇಗ ಉತ್ತರ ಬರೆಯಿರಿ ಅಜ್ಜಿ.